ಆ ಹತ್ತು ಗುಂಟೆಗೆ ಅಡಿಕೆ ಬೇಡ ಅಂತ ನಾನೇ ಯಾಕೆ ಹೇಳ್ತಿದ್ದೀನಿ



ಕೆರೆ ಕೆಳಗಿನ ಹತ್ತು ಗುಂಟೆ ವಿಷಯ ಊರಲ್ಲಿ ಆಗಲೇ ನಾಲ್ಕು ಥರ ಮಾತಾಗ್ತಿದೆ. ಅದಕ್ಕೆ ನಾನೇ ಬರೆದುಬಿಡೋದು ವಾಸಿ ಅನ್ನಿಸ್ತು. ಬೆಂಗಳೂರಲ್ಲಿರೋ ಜಮೀನಿನ ಮಾಲೀಕರು ಹೋದ ಭಾನುವಾರ ನನಗೆ ಫೋನ್ ಮಾಡಿದ್ದು ನಿಜ. 2023ರ ಯುಗಾದಿಯಲ್ಲಿ ಮೂರು ವರ್ಷಕ್ಕೆ ಅಂತ ಬಾಯಿಮಾತಲ್ಲಿ ಕೊಟ್ಟಿದ್ದ ಜಾಗ ಅದು. ಬರೋ ಯುಗಾದಿಗೆ ವಾಯಿದೆ ಮುಗಿಯುತ್ತೆ. "ನಿಮ್ಮ ತೋಟಕ್ಕೆ ಹೊಂದಿಕೊಂಡೇ ಇದೆ, ಬೋರೂ ನಿಮ್ಮದೇ. ನೀವೇ ಅಡಿಕೆ ಕೂರಿಸ್ಕೊಳ್ಳಿ, ಫಸಲು ಬಂದ ಮೇಲೆ ಪಾಲಿನ ಮಾತಾಡೋಣ" ಅಂದ್ರು.

ಒಂಬತ್ತು ಅಡಿ ಅಂತರಕ್ಕೆ ಹಾಕಿದ್ರೆ ಅಲ್ಲಿ ನೂರಾ ಮೂವತ್ತು ಗಿಡ ಕೂರ್ತಾವೆ. ಸುಳ್ಳು ಯಾಕೆ ಹೇಳ್ಲಿ, ಫೋನ್ ಇಟ್ಟ ಕೂಡ್ಲೇ ನಾನೂ ಆ ಲೆಕ್ಕ ಹಾಕಿದೆ. ಎರಡು ರಾತ್ರಿ ಹಾಕಿದೆ. ಮೂರನೇ ದಿನ ಬೇಡ ಅಂತ ಹೇಳಿದೆ. ಬೇರೆಯವರಿಗೂ ಈಗಲೇ ಮಾತು ಕೊಡಬೇಡಿ, ಯುಗಾದಿವರೆಗೆ ಟೈಮ್ ಕೊಡಿ ಅಂತ ಕೇಳಿದ್ದೀನಿ. ನಾಲ್ಕು ಎಕರೆ ಅಡಿಕೆ ಇಟ್ಕೊಂಡಿರೋನು ಅಡಿಕೆ ಬೇಡ ಅನ್ನೋದು ವಿಚಿತ್ರ ಅನ್ನಿಸಬಹುದು. ಯಾಕೆ ಅಂತ ಹೇಳ್ತೀನಿ.

ಗೊತ್ತಿಲ್ಲದವರಿಗೆ ಆ ಜಾಗದ ಕಥೆ ಸ್ವಲ್ಪ. ಬೀಳುಬಿದ್ದ ನೆಲ ಅದು, ಪಾರ್ಥೇನಿಯಂ ಎದೆಮಟ್ಟ ಬೆಳೆದಿತ್ತು. ಹಬ್ಬಕ್ಕೆ ಬಂದಿದ್ದ ಮಾಲೀಕರನ್ನ ನಮ್ಮೂರ ಮೂವರು ಹೆಣ್ಣುಮಕ್ಕಳು ಹೋಗಿ ಕೇಳಿದ್ರು. ಅವರಲ್ಲಿ ಒಬ್ಬರು ಶಾಲೆಯ ಬಿಸಿಯೂಟ ಮಾಡೋರು, ಇನ್ನಿಬ್ಬರು ನಮ್ಮಂಥವರ ತೋಟಕ್ಕೆ ಕೂಲಿಗೆ ಬರೋರು. "ತರಕಾರಿ ಹಾಕ್ಕೋತೀವಿ, ಜಾಗ ಕ್ಲೀನ್ ಆಗುತ್ತೆ" ಅಂದ್ರು. ಅವರು ಹೂಂ ಅಂದ್ರು. ನೀರಿಗೆ ನನ್ನ ಹತ್ರ ಬಂದ್ರು. ನೀರು ಕೊಡ್ತೀನಿ, ನನಗೂ ಒಂದು ತುಂಡು ಬೇಕು ಅಂದೆ. ಆಗ ನನ್ನ ಮನಸ್ಸಲ್ಲಿ ಇದ್ದದ್ದು, ಇವರಿಗೆಲ್ಲ ನಾನು ವ್ಯವಸಾಯ ಹೇಳಿಕೊಡ್ತೀನಿ ಅಂತ.

ಒಂದೊಂದು ಗುಂಟೆಯಂತೆ ಎಂಟು ತುಂಡು ಮಾಡಿದ್ವಿ. ಗುಂಟೆ ಅಂದ್ರೆ ಮೂವತ್ಮೂರು ಅಡಿ ಉದ್ದ, ಮೂವತ್ಮೂರು ಅಡಿ ಅಗಲ. ಉಳಿದ ಎರಡು ಗುಂಟೆಯಲ್ಲಿ ದಾರಿ, ಗೊಬ್ಬರದ ಗುಂಡಿ, ಸಸಿಮಡಿ, ಸುತ್ತ ನುಗ್ಗೆ ಮತ್ತು ಕರಿಬೇವು. ಎಂಟು ಮನೆ: ಆ ಮೂವರು, ನಾನು, ನಿವೃತ್ತ ಬಸ್ ಕಂಡಕ್ಟರ್ ಒಬ್ಬರು, ಹೊಸದಾಗಿ ಮದುವೆಯಾದ ಹುಡುಗ-ಹುಡುಗಿ, ಗಂಡ ತೀರಿಕೊಂಡ ಒಬ್ಬ ಅಜ್ಜಿ, ಮತ್ತೆ ಮೆಕ್ಕೆಜೋಳ ಹಾಕೋ ನಮ್ಮ ದಾಯಾದಿ. ಎಂಟರಲ್ಲಿ ನಾಲ್ಕು ಮನೆಗೆ ಸ್ವಂತ ಜಮೀನು ಇಲ್ಲ.

ಇಂಥ ವ್ಯವಸ್ಥೆ ಇಂಗ್ಲೆಂಡಿನಲ್ಲಿ ನೂರು ವರ್ಷಕ್ಕಿಂತ ಹಿಂದಿಂದ ಇದೆಯಂತೆ, 'ಅಲಾಟ್‌ಮೆಂಟ್' ಅಂತಾರೆ. ಇದಕ್ಕೆ 1908ರ ಕಾನೂನೇ ಇದೆ. ಊರಿನ ಆರು ಜನ ಸೇರಿ ಅರ್ಜಿ ಕೊಟ್ಟರೆ ಅಲ್ಲಿನ ಕೌನ್ಸಿಲ್ ಅದನ್ನ ಪರಿಗಣಿಸಲೇಬೇಕು. ಒಂದು ತುಂಡು ಹೆಚ್ಚುಕಡಿಮೆ ನಮ್ಮ ಎರಡೂವರೆ ಗುಂಟೆ. ಮನೆಮಂದಿ ತಿನ್ನೋಕೆ ಬೆಳೀಬೇಕು, ವ್ಯಾಪಾರಕ್ಕಲ್ಲ. ಎರಡನೇ ಮಹಾಯುದ್ಧದಲ್ಲಿ ಊಟಕ್ಕೆ ತತ್ವಾರ ಬಂದಾಗ ಇಂಥ ತುಂಡುಗಳೇ ಎಷ್ಟೋ ಮನೆಗೆ ಆಸರೆಯಾದವು. ಇದನ್ನ ಯಾಕೆ ಹೇಳಿದೆ ಅಂದ್ರೆ, "ಇದೇನು ಹೊಸ ಹುಚ್ಚು" ಅಂತ ಕೆಲವರು ನಗ್ತಿದ್ರಲ್ಲ, ಅವರಿಗೆ. ಇದು ಹುಚ್ಚೂ ಅಲ್ಲ, ಹೊಸದೂ ಅಲ್ಲ.

ಸರಿ, ನನ್ನ ಪಾಂಡಿತ್ಯದ ಕಥೆಗೆ ಬರ್ತೀನಿ.

ಮೊದಲ ಸಲ ಬೆಂಡೆ ಬೀಜ ಊರಿದೆ. ನೆಲ ಬಿಗಿದಿದೆ ಅಂತ ಮೂರು ಇಂಚು ಆಳಕ್ಕೆ ಹಾಕಿದೆ. ನಲವತ್ತು ಗುಳಿಯಲ್ಲಿ ಹುಟ್ಟಿದ್ದು ಹನ್ನೊಂದು. ಪಕ್ಕದ ತುಂಡಿನಲ್ಲಿ ಬಿಸಿಯೂಟದ ಅಮ್ಮ ಹಿಂದಿನ ರಾತ್ರಿ ನೆನೆಸಿ, ಒಂದು ಇಂಚಿನಷ್ಟು ಕೆಳಗೆ ಊರಿದ್ರು. ಅವರದ್ದು ಸಾಲಿಗೆ ಸಾಲು ಎದ್ದು ನಿಂತಿತ್ತು. ನಾನು ಬೀಜದಂಗಡಿಯವನನ್ನ ಬೈಯೋಕೆ ಶುರು ಮಾಡಿದ್ದೆ. ಅವರು ನನ್ನ ಮಡಿ ಕೆದಕಿ ಕೊಳೆತ ಬೀಜ ತೆಗೆದು ಕೈಗಿಟ್ಟು, "ಅಣ್ಣಾ, ಹೂತುಹಾಕಿದ್ರೆ ಹೆಂಗೆ ಎದ್ದೇಳ್ತದೆ?" ಅಂದ್ರು. ಅಷ್ಟೇ. ಬೀಜದಂಗಡಿಯವನ ಪುಣ್ಯ.

ಆಮೇಲೆ ಟೊಮೇಟೊ. ಅಡಿಕೆಗೆ ಹಾಕೋ ಕೈ ಹಾಗೇ ಯೂರಿಯಾ ಚೆಲ್ಲಿತು. ಗಿಡ ನೋಡೋಕೆ ಎರಡು ಕಣ್ಣು ಸಾಲದು, ಎಲೆ ಕಡುಹಸಿರು, ಕಾಯಿ ಮಾತ್ರ ಎಣಿಸಿದ ಹಾಗೆ. 2023ರ ಜುಲೈ-ಆಗಸ್ಟ್ ನೆನಪಿದೆಯಲ್ಲ, ಟೊಮೇಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು. ಎದೆಮಟ್ಟ ಬೆಳೆದ ಟೊಮೇಟೊ ಗಿಡದ ಒಡೆಯ ನಾನು ಸಂತೆಯಲ್ಲಿ ಅರ್ಧ ಕೆಜಿ ಟೊಮೇಟೊ ಚೌಕಾಸಿ ಮಾಡ್ತಾ ನಿಂತಿದ್ದೆ.

ಎರಡನೇ ಸಲ ಹಾಕಿದ ಟೊಮೇಟೊ ಕಾಯಿ ಕಚ್ಚಿತು, ಆದ್ರೆ ಒಂದೊಂದೇ ಗಿಡ ಹಸಿರು ಹಸಿರಾಗೇ ಸೊರಗಿ ಬೀಳೋಕೆ ಶುರುವಾಯ್ತು. ನೀರು ಕಮ್ಮಿ ಅಂತ ಇನ್ನಷ್ಟು ನೀರು ಬಿಟ್ಟೆ. ಕಂಡಕ್ಟರ್ ಮೊಬೈಲಲ್ಲಿ ನೋಡಿ ಒಂದು ಪರೀಕ್ಷೆ ಮಾಡೋಣ ಅಂದ್ರು. ಸೊರಗಿದ ಗಿಡದ ಕಾಂಡ ಬುಡದಲ್ಲಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಲ್ಲಿ ತುದಿ ಮುಳುಗುವ ಹಾಗೆ ಹಿಡಿದ್ವಿ. ಎರಡು-ಮೂರು ನಿಮಿಷಕ್ಕೆ ಹಾಲಿನ ಎಳೆಯಂತೆ ಬಿಳಿ ದಾರ ಇಳಿಯಿತು. ಅದು ದುಂಡಾಣುವಿನ ಸೊರಗು ರೋಗ. ಯಾವ ಔಷಧಿ ಸುರಿದರೂ ಬಿದ್ದ ಗಿಡ ಏಳೋದಿಲ್ಲ. ಬೇರು ಸಮೇತ ಕಿತ್ತು ಜಾಗದಿಂದ ಆಚೆ ಹಾಕಬೇಕು. ಆ ಮಡಿಗೆ ಎರಡು-ಮೂರು ವರ್ಷ ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದೂ ಬೇಡ, ನಾಲ್ಕೂ ಒಂದೇ ಕುಲ. ನಾನು ಬಿಟ್ಟ ಹೆಚ್ಚಿನ ನೀರು ಪಕ್ಕದವರ ಮಡಿಗೂ ಹರಿದು ರೋಗ ದಾಟಿಸ್ತಿತ್ತು ಅನ್ನೋದು ಆಮೇಲೆ ಗೊತ್ತಾಯ್ತು. ಅದಕ್ಕೆ ಇವತ್ತಿಗೂ ನನಗೆ ನಾಚಿಕೆ ಇದೆ. ಈಗ ಆ ಮಡಿಯಲ್ಲಿ ಬರೀ ಸೊಪ್ಪು, ಹುರುಳಿಕಾಯಿ. ಬೇರೆ ಮಡಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕ್ತೀವಿ, ಈ ರೋಗವನ್ನ ಅದು ತಡ್ಕೊಳ್ಳುತ್ತೆ.

ಅವರೆ ಕಥೆ ಇನ್ನೂ ಚೆನ್ನಾಗಿದೆ. 2024ರ ಸಂಕ್ರಾಂತಿ ಆದಮೇಲೆ ಅಜ್ಜಿ ಹತ್ರ ನಾಟಿ ಅವರೆ ಬೀಜ ಇಸ್ಕೊಂಡು ಹಾಕಿದೆ. ಅಜ್ಜಿ "ಈಗ ಬೇಡ ಕಣಪ್ಪಾ, ಚಳಿ ಬರ್ದೆ ಅದು ಹೂ ಬಿಡಾಕಿಲ್ಲ" ಅಂದ್ರು. ನೀರಿದೆಯಲ್ಲ, ಯಾವಾಗ ಹಾಕಿದ್ರೇನು ಅಂದೆ. ಬಳ್ಳಿ ಚಪ್ಪರ ತುಂಬಿ ಪಕ್ಕದ ನುಗ್ಗೆಮರ ಹತ್ತಿತು. ಏಪ್ರಿಲ್ ಮುಗಿದ್ರೂ ಒಂದು ಹೂವಿಲ್ಲ. ಆಮೇಲೆ ಕೃಷಿ ವಿಜ್ಞಾನಿಯೊಬ್ಬರು ಹೇಳಿದ್ರು: ನಾಟಿ ಅವರೆ ಹೂ ಬಿಡೋದು ಹಗಲು ಗಿಡ್ಡ ಆಗಿ ರಾತ್ರಿ ಉದ್ದ ಆದಾಗ. ಸಂಕ್ರಾಂತಿ ಆದ ಮೇಲೆ ಹಗಲು ಬೆಳೀತಾ ಹೋಗುತ್ತೆ, ಅದಕ್ಕೆ ಬರೀ ಬಳ್ಳಿ. ವರ್ಷದ ಯಾವ ಕಾಲಕ್ಕಾದ್ರೂ ಕಾಯಿ ಬಿಡೋ ಹೆಬ್ಬಾಳ ಅವರೆ, ಅರ್ಕಾ ಜಯ್ ಥರದ ತಳಿಗಳು ಬೇರೆ ಇವೆ. ಅಜ್ಜಿ ಹೇಳಿದ 'ಚಳಿ'ಯೂ ವಿಜ್ಞಾನಿ ಹೇಳಿದ 'ಉದ್ದ ರಾತ್ರಿ'ಯೂ ಒಂದೇ ಹೊತ್ತಿಗೆ ಬರುತ್ತೆ. ಅಜ್ಜಿ ಮಾತು ಕೇಳಿದ್ದಿದ್ರೆ ನಾಲ್ಕು ತಿಂಗಳ ನೀರು ಉಳೀತಿತ್ತು.

ಹೀರೆಬಳ್ಳಿಯಲ್ಲಿ ಹೂ ಉದುರ್ತಾವೆ ಅಂತ ಔಷಧಿ ತರೋಕೆ ಹೊರಟಿದ್ದೆ. ತಡೆದದ್ದು ಕೂಲಿಗೆ ಬರೋ ಹೆಣ್ಣುಮಗಳು. ಮೊದಲು ಬರೋದೆಲ್ಲ ಗಂಡು ಹೂವು, ಉದುರಲೇಬೇಕು. ಹೆಣ್ಣು ಹೂವಿನ ಹಿಂದೆ ಪುಟ್ಟ ಹೀಚು ಇರುತ್ತೆ. ಹೀಚು ಹಳದಿಯಾಗಿ ಬಿದ್ರೆ ಮಾತ್ರ ಯೋಚನೆ ಮಾಡಬೇಕು, ಜೇನು-ದುಂಬಿ ಬಂದಿಲ್ಲ ಅಂತ ಅರ್ಥ. ಹೀರೆ ಹೂವು ಅರಳೋದು ಸಂಜೆ. ಆ ಹೊತ್ತಿಗೆ ಒಂದು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರಿದರೆ ಸಾಕು. ಮೂವತ್ತು ವರ್ಷ ರೈತ ನಾನು. ಇದು ನನಗೆ ಗೊತ್ತಿರಲಿಲ್ಲ.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮಲ್ಲಿ ಬಹಳ ಜನರ ಸ್ಥಿತಿ ಇದೇ. ನಾವು ಅಡಿಕೆ ರೈತರು, ಮೆಕ್ಕೆಜೋಳದ ರೈತರು, ಭತ್ತದ ರೈತರು. ಆದ್ರೆ ಮನೆಗೆ ಬೇಕಾದ ಬದನೆಕಾಯಿ ಬೆಳೆಯೋದು ಮರೆತಿದ್ದೀವಿ. ನಮ್ಮ ಅಪ್ಪಂದಿರ ಕಾಲದಲ್ಲಿ ಗದ್ದೆ ಬದುವಿನ ಮೇಲೆ ತೊಗರಿ, ಅಲಸಂದೆ, ಹೊಲದಲ್ಲಿ ಅಕ್ಕಡಿ ಸಾಲು, ಹಿತ್ತಲಲ್ಲಿ ಕುಂಬಳ ಇರ್ತಿತ್ತು. ಈಗ ಬದು ಸವರಿ ಅಲ್ಲೂ ಅಡಿಕೆ ಕೂರಿಸಿದ್ದೀವಿ. ಅಡಿಕೆ ನೆರಳಲ್ಲಿ ಕಾಳುಮೆಣಸು ಬರುತ್ತೆ, ಬಾಳೆ ಬರುತ್ತೆ, ಬೆಂಡೆ-ಟೊಮೇಟೊ ಬರಲ್ಲ. ದಿನಾ ಐದಾರು ಗಂಟೆ ಬಿಸಿಲು ಬೇಕು ಅವಕ್ಕೆ. ಊರಲ್ಲಿ ಅಂಥ ಬಿಸಿಲಿರೋ, ನೀರಿರೋ ಜಾಗ ಎಷ್ಟು ಉಳಿದಿದೆ, ಎಣಿಸಿ ನೋಡಿ.

"ನಿಮ್ಮ ನಿಮ್ಮ ಹಿತ್ತಲಲ್ಲೇ ಬೆಳ್ಕೊಳ್ಳಿ, ಹಂಚಿಕೊಂಡ ಜಾಗ ಯಾಕೆ?" ಅಂತ ದಾಯಾದಿಯೇ ಒಂದ್ಸಲ ಕೇಳಿದ. ನನ್ನ ಉತ್ತರ ಎರಡು.

ಒಂದು, ಎಲ್ಲರಿಗೂ ಹಿತ್ತಲಿಲ್ಲ. ನಮ್ಮ ಎಂಟರಲ್ಲಿ ಅತ್ಯಂತ ಚೆನ್ನಾಗಿ ಬೆಳೆಯೋದು ಕೂಲಿಗೆ ಬರೋ ಆ ಹೆಣ್ಣುಮಗಳು. ಅವರ ಮನೆ ಹಿಂದೆ ಬಟ್ಟೆ ಒಣಗಿಸೋಕೂ ಜಾಗ ಇಲ್ಲ. ಅಷ್ಟು ಕೈಗುಣ ಇರೋರು ಇಪ್ಪತ್ತು ವರ್ಷ ನನ್ನ ತೋಟದಲ್ಲಿ ಕಳೆ ಕಿತ್ತಿದ್ದಾರೆ. ಒಂದು ದಿನವೂ ನಾನು ಅವರನ್ನ "ಏನು ಹಾಕಿದ್ರೆ ಬರುತ್ತೆ" ಅಂತ ಕೇಳಿರಲಿಲ್ಲ.

ಎರಡು, ಒಬ್ಬನೇ ಬೆಳೆದ್ರೆ ತಪ್ಪು ತಪ್ಪಾಗಿಯೇ ಉಳಿಯುತ್ತೆ. ಹಿತ್ತಲಲ್ಲಿ ಬೆಂಡೆ ಹುಟ್ಟದಿದ್ರೆ ಬೀಜ ಸರಿಯಿಲ್ಲ ಅಂತ ಸುಮ್ಮನಾಗ್ತಿದ್ದೆ. ಇಲ್ಲಿ ಅದೇ ಬೀಜ, ಅದೇ ಮಣ್ಣು, ಅದೇ ನೀರು, ನಾಲ್ಕು ಅಡಿ ಪಕ್ಕದಲ್ಲಿ ಹುಟ್ಟಿ ನಿಂತಿದೆ. ನೆಪ ಹೇಳೋಕೆ ದಾರಿಯೇ ಇಲ್ಲ. ಪಕ್ಕದ ಮಡಿ ನೋಡಿ ಕಲಿತಷ್ಟು ನಾನು ಯಾವ ತರಬೇತಿಯಲ್ಲೂ ಕಲಿತಿಲ್ಲ. ತಪ್ಪಿದ್ರೂ ಹೋಗೋದು ಒಂದು ಗುಂಟೆ, ಒಂದು ಪೊಟ್ಟಣ ಬೀಜ. ನಾಲ್ಕು ಎಕರೆ ಅಲ್ಲ.

ಎಲ್ಲ ಸುಸೂತ್ರವಾಗಿತ್ತು ಅಂತ ಹೇಳಲ್ಲ. ಜಗಳ ಆಗಿದೆ. 2023 ರಾಜ್ಯದ ಬಹುಪಾಲು ತಾಲೂಕುಗಳನ್ನ ಬರಪೀಡಿತ ಅಂತ ಘೋಷಿಸಿದ ವರ್ಷ. ಮುಂದಿನ ಬೇಸಿಗೆಗೆ ನನ್ನ ಬೋರ್ ಗಂಟೆಗೊಮ್ಮೆ ಉಸಿರು ಬಿಡ್ತಿತ್ತು. ತೋಟ ಒಣಗ್ತಿರುವಾಗ ತರಕಾರಿಗೆ ನೀರು ಕೊಡೋದಾ ಅಂತ ಮನೆಯಲ್ಲೇ ಮಾತಾಯ್ತು. ತುಂಡಿಗೆ ದಿನಕ್ಕೆ ಎರಡು ಡ್ರಮ್ ಅಂತ ಕಟ್ಟು ಮಾಡಿದ್ವಿ. ಮಡಿ ಮೇಲೆ ಅಡಿಕೆ ಸಿಪ್ಪೆ, ಸೋಗೆ ಹೊದಿಸಿದ್ವಿ. ಅಷ್ಟರಲ್ಲೇ ಸೊಪ್ಪು, ಬದನೆ ಉಳಿದುವು, ಬಳ್ಳಿ ತರಕಾರಿ ಹೋದುವು. ಇನ್ನೊಂದ್ಸಲ ಯಾರೋ ಗೇಟ್ ಹಾಕದೆ ಹೋಗಿ ದನ ನುಗ್ಗಿ ಹುಡುಗ-ಹುಡುಗಿಯ ಮಡಿ ಪೂರ್ತಿ ಮೇಯ್ದು ಹೋಯ್ತು. ಯಾರು ಅಂತ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಎಲ್ಲರೂ ಎರಡೆರಡು ಸಾಲು ಸಸಿ ಕೊಟ್ಟು ಮತ್ತೆ ನೆಟ್ಟುಕೊಟ್ವಿ. ಒಬ್ಬರ ಬೆಂಡೆಗೆ ಹಳದಿ ನಂಜು ಬಂದು ಕೀಳದೆ ಬಿಟ್ರೆ, ಬಿಳಿನೊಣ ಅದನ್ನ ಎಂಟೂ ತುಂಡಿಗೆ ಹಂಚುತ್ತೆ. ಅದಕ್ಕೆ ನಂಜಾದ ಗಿಡ ಯಾರು ಕಂಡ್ರೂ ಕೀಳಬಹುದು, ಯಜಮಾನರನ್ನ ಕೇಳಬೇಕಿಲ್ಲ ಅಂತ ನಿಯಮ ಮಾಡಿದ್ದೀವಿ. ಹಣ್ಣುನೊಣ ಚುಚ್ಚಿದ ಹೀರೆ, ಹಾಗಲ ಬಿದ್ದಲ್ಲೇ ಬಿಡಬಾರದು, ಆಳಕ್ಕೆ ಹೂಳಬೇಕು ಅನ್ನೋದು ಇನ್ನೊಂದು ನಿಯಮ.

ಈಗ ಸ್ವಲ್ಪ ಕಷ್ಟದ ಮಾತು. ಬೇಜಾರು ಮಾಡ್ಕೋಬೇಡಿ.

ಬೆಂಡೆ ನಲವತ್ತೈದು-ಐವತ್ತು ದಿನಕ್ಕೆ ಕೊಯ್ಲಿಗೆ ಬರುತ್ತೆ. ಆಮೇಲೆ ದಿನ ಬಿಟ್ಟು ದಿನ ಕೀಳಲೇಬೇಕು, ಮೂರು ದಿನ ಬಿಟ್ರೆ ನಾರು. ಔಷಧಿ ಬಾಟಲಿ ಮೇಲೆ ಸಿಂಪಡಿಸಿ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಬರೆದಿರುತ್ತೆ. ಎಷ್ಟೋ ಔಷಧಿಗೆ ಅದು ಮೂರು ದಿನಕ್ಕಿಂತ ಜಾಸ್ತಿ. ಹಾಗಾದ್ರೆ ಎರಡು ದಿನಕ್ಕೊಮ್ಮೆ ಕೀಳೋ ಬೆಳೆಗೆ ಆ ಔಷಧಿ ಹೊಡೆದ್ರೆ ನಿಯಮ ಪಾಲಿಸೋಕೆ ಸಾಧ್ಯವೇ? ಈ ಲೆಕ್ಕ ನನಗೆ ಹೊಳೆದದ್ದು ನಾನೇ ಕಿತ್ತು ನಾನೇ ತಿನ್ನೋಕೆ ಶುರು ಮಾಡಿದಾಗ. ಮೊನೊಕ್ರೊಟೊಫಾಸ್ ತರಕಾರಿಗೆ ಹೊಡೀಬಾರದು ಅಂತ 2005ರಲ್ಲೇ ಆದೇಶ ಆಗಿತ್ತು. ಅದಾದ ಮೇಲೂ ಎಷ್ಟು ವರ್ಷ ನಾವು ಬಳಸಿದ್ವಿ, ನಮಗೇ ಗೊತ್ತು. ತರಕಾರಿ ಬೆಳೆದು ಮಾರುಕಟ್ಟೆಗೆ ಹಾಕೋ ಗೆಳೆಯರನ್ನ ನಾನು ಬೈತಿಲ್ಲ. ಬೆಲೆ ಬಿದ್ದಾಗ ರಸ್ತೆಗೆ ಸುರಿಯೋರೂ ಅವರೇ, ಹುಳ ಕಂಡ್ರೆ ದಲ್ಲಾಳಿ ಹತ್ರ ಬೈಸಿಕೊಳ್ಳೋರೂ ಅವರೇ. ಆದ್ರೆ ಅವರಲ್ಲೂ ಕೆಲವರು ಮನೆಗೆ ಅಂತ ಎರಡು ಸಾಲು ಔಷಧಿ ಹೊಡೆಯದೆ ಬಿಡ್ತಾರೆ. ಆ ಎರಡು ಸಾಲು ಏನು ಹೇಳುತ್ತೆ ಅಂತ ಯೋಚನೆ ಮಾಡೋಣ.

ನಮ್ಮ ಹತ್ತು ಗುಂಟೆಯಲ್ಲಿ ಬೇವಿನ ಬೀಜದ ಕಷಾಯ, ಹಳದಿ ಅಂಟು ಹಾಳೆ, ಕೈಯಲ್ಲಿ ಹುಳ ಆರಿಸೋದು, ಇಷ್ಟೇ. ಬದನೆಗೆ ಹುಳ ಬೀಳುತ್ತೆ, ಇಲ್ಲ ಅನ್ನಲ್ಲ. ಕುಡಿ ಬಾಡಿದ್ದು ಕಂಡ ಕೂಡ್ಲೇ ಚಿವುಟಿ ಸುಡ್ತೀವಿ. ಆದ್ರೂ ಹತ್ತರಲ್ಲಿ ಮೂರು ಕಾಯಿ ಅರ್ಧ ಕತ್ತರಿಸಿ ಬಿಸಾಡ್ತೀವಿ. ಮಾರೋಕೆ ಹೋದ್ರೆ ಇದು ನಷ್ಟ. ತಿನ್ನೋಕೆ ಆದ್ರೆ, ಉಳಿದ ಏಳು ಸಾಕು.

ದುಡ್ಡಿನ ಲೆಕ್ಕ ಕೇಳೋರಿಗೆ: ನನ್ನ ಮನೆಯಾಕೆ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಮುಂಚೆ ತಿಂಗಳಿಗೆ ಸಾವಿರದ ನೂರರ ಆಸುಪಾಸು ತರಕಾರಿಗೆ ಹೋಗ್ತಿತ್ತು. ಈಗ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಸೇರಿ ನಾನೂರು. ಇದು ಅಡಿಕೆ ದುಡ್ಡಿನ ಮುಂದೆ ಏನೂ ಅಲ್ಲ, ಒಪ್ತೀನಿ. ಆದ್ರೆ ಕೂಲಿ ಮಾಡೋ ಮನೆಗೆ ತಿಂಗಳಿಗೆ ಏಳುನೂರು ಅಂದ್ರೆ ಏನು ಅಂತ ಅವರನ್ನೇ ಕೇಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಒಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿ ಸುಮಾರು 400 ಗ್ರಾಂ ತರಕಾರಿ ಬೇಕು. ಐದು ಜನರ ಮನೆಗೆ ಎರಡು ಕೆಜಿ. ದಿನಾ ಎರಡು ಕೆಜಿ ದುಡ್ಡು ಕೊಟ್ಟು ತರೋ ಮನೆ ನಮ್ಮೂರಲ್ಲಿ ಎಷ್ಟಿವೆ? ಒಂದು ಗುಂಟೆಯಲ್ಲಿ ಎಲ್ಲಾ ತಿಂಗಳೂ ಅಷ್ಟು ಬರಲ್ಲ. ಆದ್ರೆ ಮೊದಲು ಸಾರಿಗೆ ಎರಡು ಬದನೆಕಾಯಿ ಹಾಕ್ತಿದ್ದ ಮನೆಯಲ್ಲಿ ಈಗ ಹರಿವೆ, ಮೆಂತ್ಯ, ಹೀರೆ ಒಂದಾದ ಮೇಲೊಂದು ಬರ್ತಿದೆ.

ಅದಕ್ಕೆ ನನ್ನ ಅಭಿಪ್ರಾಯ ಇಷ್ಟು. ಆ ಜಾಗಕ್ಕೆ ಅಡಿಕೆ ಕೂರಿಸಿದ್ರೆ ಮೊದಲ ಗೊನೆಗೇ ಐದಾರು ವರ್ಷ ಬೇಕು. ಅಡಿಕೆಗೆ ಇನ್ನೂ ನೂರಾ ಮೂವತ್ತು ಗಿಡ ಸೇರಿದ್ರೆ ಊರಿಗೆ ಏನೂ ವ್ಯತ್ಯಾಸ ಆಗಲ್ಲ. ಆದ್ರೆ ಎಂಟು ಮನೆ ಕಲಿತದ್ದು ಅಲ್ಲಿಗೇ ನಿಲ್ಲುತ್ತೆ. ಆ ಹೆಣ್ಣುಮಗಳು ಮತ್ತೆ ಬರೀ ಕೂಲಿಯಾಳು ಆಗ್ತಾರೆ. ಬಹುಶಃ ನನ್ನದೇ ಹೊಸ ಅಡಿಕೆ ಸಾಲಿನ ಕಳೆ ಕೀಳ್ತಾರೆ. ಅದು ನನಗೆ ಆಗಲ್ಲ.

ಹಾಗಂತ ಮಾಲೀಕರು ಪುಕ್ಕಟೆ ಕೊಡ್ತಾನೇ ಇರಬೇಕು ಅನ್ನೋದೂ ನ್ಯಾಯ ಅಲ್ಲ. ನೆಲ ಅವರದ್ದು. ಎಂಟೂ ಮನೆಯವರು ಕೂತು ಮಾತಾಡಿದ್ದೀವಿ. ವರ್ಷಕ್ಕೆ ಇಷ್ಟು ಅಂತ ಗುತ್ತಿಗೆ ಹಣ ಸೇರಿಸಿ ಕೊಡೋದು, ಈ ಸಲ ಬಾಯಿಮಾತು ಬಿಟ್ಟು ಐದು ವರ್ಷಕ್ಕೆ ಕಾಗದ ಮಾಡಿಕೊಳ್ಳೋದು ಅಂತ ತೀರ್ಮಾನ. ಜಮೀನಿರೋ ನಾಲ್ಕು ಮನೆಯವರು ಜಾಸ್ತಿ ಹಾಕ್ತೀವಿ, ಇಲ್ಲದವರು ಕೈಲಾದಷ್ಟು. ನೀರು ನನ್ನದೇ, ಅದಕ್ಕೆ ದುಡ್ಡು ಬೇಡ. ಯುಗಾದಿಗೆ ಮಾಲೀಕರು ಊರಿಗೆ ಬಂದಾಗ ಇದನ್ನ ಅವರ ಮುಂದೆ ಇಡ್ತೀವಿ. ಅವರು ಒಪ್ಪದಿದ್ರೆ ನಮ್ಮ ತೋಟದ ಮೂಡಣ ಬದುವಿನ ಹತ್ರ ಹಿಂದಿನ ವರ್ಷ ಅಡಿಕೆ ಗಿಡ ಸತ್ತ ಜಾಗ ನಾಲ್ಕು ಗುಂಟೆ ಇದೆ. ಅಲ್ಲಿ ಮತ್ತೆ ಅಡಿಕೆ ಹಾಕಲ್ಲ, ಭೂಮಿ ಇಲ್ಲದ ಆ ನಾಲ್ಕು ಮನೆಗೆ ಬಿಡ್ತೀನಿ. ಮನೆಯಲ್ಲಿ ಇನ್ನೂ ಪೂರ್ತಿ ಒಪ್ಪಿಗೆ ಆಗಿಲ್ಲ, ಆದ್ರೂ ಇಲ್ಲಿ ಬರೆದುಬಿಟ್ಟೆ, ಹಿಂದೆ ಸರಿಯೋಕೆ ಆಗಬಾರದು ಅಂತ.

ಅಕ್ಕಪಕ್ಕದ ಊರಿನ ಗೆಳೆಯರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಬಿಸಿಲು ಬೀಳೋ, ನೀರು ತಲುಪೋ ಐದಾರು ಗುಂಟೆ ನಿಮ್ಮಲ್ಲೂ ಸುಮ್ಮನೆ ಬಿದ್ದಿರುತ್ತೆ. ನಾಲ್ಕು ಮನೆ ಸೇರಿಸಿ, ಮೂರು ವರ್ಷಕ್ಕೆ ಕೊಡಿ, ಒಂದು ತುಂಡು ನೀವೂ ಇಟ್ಕೊಳ್ಳಿ. ಕಲಿಸೋಕೆ ಹೋಗಬೇಡಿ, ಕಲಿಯೋಕೆ ಹೋಗಿ.

ಈಗ ಅಜ್ಜಿಯ ಅವರೆ ಕಾಯಿ ತುಂಬಿದೆ. ನಂದೂ ಈ ಸಲ ಸರಿಯಾದ ಕಾಲಕ್ಕೆ ಹಾಕಿದ್ದು, ಸೊಗಡು ದಾರಿವರೆಗೂ ಬರುತ್ತೆ. ಬೀಜಕ್ಕೆ ಅಂತ ಎರಡು ಸಾಲು ಕೀಳದೆ ಬಿಟ್ಟಿದ್ದೀವಿ. ಬೇಕಾದವರು ಭಾನುವಾರ ಬೆಳಿಗ್ಗೆ ಬನ್ನಿ, ಮಡಿ ನೋಡಿ ಹೋಗಬಹುದು. ಬೀಜ ಒಣಗಿದ ಮೇಲೆ ಮನೆಗೊಂದು ಹಿಡಿ ಕೊಡ್ತೀವಿ. ಆದ್ರೆ ದಯವಿಟ್ಟು ಮುಂಗಾರು ಬರೋವರೆಗೆ ಊರಬೇಡಿ. ಬರುವಾಗ ಹೋಗುವಾಗ ಗೇಟ್ ಹಾಕಿ.